ಕರಡಿಗೆ ತೆಗೆಯದ ಅಜ್ಜ

ಹೊಸಪೇಟೆಯ ನಮ್ಮ ಆಸ್ಪತ್ರೆಗೆ ಸಿಟಿ ಸ್ಕ್ಯಾನ್ ಯಂತ್ರ ಬರುತ್ತದೆಂದು ಗೊತ್ತಾದ ದಿನವೇ ಆ ಕೋಣೆ ನನ್ನದು ಅಂದುಕೊಂಡಿದ್ದೆ. ಎಕ್ಸ್‌ರೇ ವಿಭಾಗದಲ್ಲಿ ನಾನೇ ಹಿರಿಯ. ಸಂಡೂರು, ಕಂಪ್ಲಿಯಿಂದ ಹೊಸಬರು ಕೆಲಸ ಕಲಿಯಲು ಬರುತ್ತಾರೆ, ಯಾರ ಹತ್ತಿರ ಏನು ಕಲಿಯಬೇಕೆಂದು ನೀವೇ ಯೋಜನೆ ಹಾಕಿ, ಚೆನ್ನಾಗಿ ಕಲಿಸಿದವರಿಗೇ ಸಿಟಿ ಕೋಣೆ ಎಂದರು ನಮ್ಮ ಡಾಕ್ಟರು.

ಎದುರಾಳಿ ಒಬ್ಬಳೇ. ಕಂಪ್ಲಿಯವಳು, ಮೊನ್ನೆ ಮೊನ್ನೆ ನಮ್ಮ ವಿಭಾಗದಲ್ಲೇ ಕೆಲಸಕ್ಕೆ ಸೇರಿದವಳು. ಕಲಿಯಲು ಬಂದವರೆಲ್ಲ ‘ಅಕ್ಕಾರ, ಅಕ್ಕಾರ’ ಎಂದು ಅವಳ ಹಿಂದೆ! ನನಗೆ ಹೊಟ್ಟೆ ಉರಿಯದೆ ಇನ್ನೇನು? ರೋಗಿಯನ್ನು ಯಂತ್ರದ ಮುಂದೆ ನಿಲ್ಲಿಸುವ ಪಾಠ ನಾನಿಟ್ಟುಕೊಂಡು, ಎದ್ದು ಬರಲಾಗದ ರೋಗಿಗಳಿಗೆಂದು ಎಕ್ಸ್‌ರೇ ಗಾಲಿಯಂತ್ರವನ್ನು ವಾರ್ಡಿನಿಂದ ವಾರ್ಡಿಗೆ ತಳ್ಳುವುದನ್ನು ಅವಳಿಗೆ ಹಾಕಿದೆ. ತಳ್ಳಲಿ ಬಿಡು! ಮಹಾತಾಯಿ, ಅದನ್ನೂ ನಗುತ್ತಲೇ ತಳ್ಳಿದಳು.

ಒಂದು ಬೆಳಗ್ಗೆ ಚೋರನೂರಿನ ಅಜ್ಜ ಒಬ್ಬರು ಬಂದರು. ಬಿಡದ ಕೆಮ್ಮು. ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬೆಳ್ಳಿ ಅಡ್ಡ ಬಂದರೆ ಅದರ ಹಿಂದಿನ ಎದೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹೊಸಬರೆಲ್ಲ ಸುತ್ತ ನಿಂತಿದ್ದರು, ಬಾಗಿಲಲ್ಲಿ ಡಾಕ್ಟರು.

“ತಗೀರಿ ಅಜ್ಜಾರ, ಒಂದ್ ಗಳಿಗಿ,” ಅಂದೆ.

“ಜೀವಾ ಬೇಕಾದ್ರ ತಗಿ. ಲಿಂಗ ಮೈ ಬಿಟ್ಟು ಇಳ್ಯಂಗಿಲ್ಲ.”

ನನ್ನ ದನಿ ಏರಿತು. ಅಜ್ಜ ಅಂಗಿ ತೊಟ್ಟುಕೊಂಡು ಹೊರಟೇಬಿಟ್ಟರು.

ನಮ್ಮ ಮಾತು ಕೇಳಿಸಿಕೊಂಡು, ಗಾಲಿಯಂತ್ರ ತಳ್ಳುತ್ತ ಎದುರಿಗೆ ಬಂದವಳು ಅವಳೇ. “ಮೈಮ್ಯಾಲ ಇದ್ರಾತಲ್ರಿ, ಅಜ್ಜಾರ? ನೀವ ತಲಿಗೆ ಕಟ್ಕೊಳ್ರಿ. ನಮ್ಮೂರಾಗ ಹೊಳಿಗೆ ಇಳಿಯಾಗ ಪಕ್ಕದಮನಿ ಅಜ್ಜಾರು ಹಂಗ ಕಟ್ಕೊಂತಾರ.”

ಅಜ್ಜ ಕರಡಿಗೆಯನ್ನು ನೆತ್ತಿಗೇರಿಸಿ, ಮೇಲೆ ರುಮಾಲು ಸುತ್ತಿ, ಬಂದು ನಿಂತರು. ಎದೆಯ ಚಿತ್ರ ನಿಚ್ಚಳವಾಗಿ ಬಂತು.

ನನ್ನ ಕೊರಳಲ್ಲೂ ಲಿಂಗವಿದೆ. ಅವಳ ಮನೆಯಲ್ಲಿ ಯಾರೂ ಕಟ್ಟುವವರಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದವನು ನಾನು, ಹೊಳೆದದ್ದು ಅವಳಿಗೆ!

“ನಿಲ್ಸೋ ಪಾಠ ಆಕಿಗೇ ಬರೀರಿ. ಸಿಟಿ ರೂಮೂ ಆಕಿಗೇ,” ಎಂದು ಡಾಕ್ಟರು ಹೊರಟುಹೋದರು.

ಅವಳು ಹತ್ತಿರ ಬಂದು ಎಲ್ಲರ ಮುಂದೆಯೇ ಕೇಳಿದಳು: “ಸರ್, ನಿಮ್ ಕೊರಳಾಗೂ ಐತಿ, ನಿಮಗ ಗೊತ್ತಿರಲಾರದ್ದೇನ್ರಿ? ಈ ಹೊಸಬ್ರಿಗೆ ಹೊಳೀತೈತೇನ್ ನೋಡಾಣಂತ ಸುಮ್ನಿದ್ರಿ, ಹೌದಲ್ರಿ?”

ಅವಳ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

“ಹೂಂ,” ಅಂದೆ.

ಹೊಸಬರೆಲ್ಲ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಆ ಮೆಚ್ಚುಗೆಯೂ ಅವಳು ಕೊಟ್ಟದ್ದೇ.