ಕಿವಿಯಣ್ಣ ಪಾಸು ಮಾಡಿದ ರೆಕಾರ್ಡು

ರೆಕಾರ್ಡು ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಕಿವಿಯಣ್ಣ. ಬಿಸಿ ಅರಗನ್ನು ಅಚ್ಚಿಗೊತ್ತಿ ತೆಗೆದ ಪ್ರತಿ ನೂರು ರೆಕಾರ್ಡುಗಳಲ್ಲಿ ಒಂದನ್ನು ಅವನು ಗೂಡಿನಂಥ ಕೋಣೆಯಲ್ಲಿ ಕೂತು ಪೂರ್ತಿ ಕೇಳಬೇಕು. ಅವನು ಸರಿ ಎಂದರೆ ಆ ನೂರೂ ಅಂಗಡಿಗೆ, ಅಲ್ಲವೆಂದರೆ ನೂರೂ ಗುಜರಿಗೆ. ಸೊಳ್ಳೆ ಸೀನಿದರೂ ಬಿಡದ ಮಹಾರಾಯನೆಂದು ಅಚ್ಚಿನ ಮೇಸ್ತ್ರಿ ಗೊಣಗುತ್ತಿದ್ದ.

ಇಪ್ಪತ್ತಾರು ವರ್ಷ ಕೇಳಿ ಕೇಳಿ ಕಿವಿ ಕೈಕೊಟ್ಟಿತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಯಾರಿಗೂ ಹೇಳದೆ ಅವನು ಕಣ್ಣಿನಿಂದಲೇ ಕೆಲಸ ತೂಗಿಸಿದ. ನಡುವಿನ ತೂತು ಸರಿದಿದ್ದರೆ ಮುಳ್ಳಿನ ತೋಳು ಓಲಾಡುತ್ತದೆ. ಅಚ್ಚು ಸವೆದಿದ್ದರೆ ಗೆರೆಗಳು ಬೂದುಬಣ್ಣಕ್ಕೆ ತಿರುಗುತ್ತವೆ. ಗಾಳಿಗುಳ್ಳೆ ಉಗುರಿಗೆ ಸಿಗುತ್ತದೆ.

ಅವನ ತಂಗಿ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು, ಚೆನ್ನಾಗಿ ಹಾಡುತ್ತಿದ್ದಳು. ಅವಳದೊಂದು ರೆಕಾರ್ಡು ಬರಲೆಂದು ಅವನು ಏಳು ವರ್ಷ ಮಾಲೀಕನ ಬೆನ್ನು ಬಿದ್ದ. ಕೊನೆಗೆ ಮಾಲೀಕ ಒಪ್ಪಿದ: ಐನೂರು ಪ್ರತಿ, ಒಂದೇ ಸಲ. ಓಡಿದರೆ ಇನ್ನೊಂದು ಹಾಡು. ಓಡದಿದ್ದರೆ ಅಚ್ಚು ಕುಲುಮೆಗೆ.

ಬೇರೆಯವರ ರೆಕಾರ್ಡುಗಳನ್ನು ನೋಡುತ್ತಿದ್ದವನು ತಂಗಿಯದನ್ನು ಕಣ್ಣು ಮುಚ್ಚಿ ಕೇಳಿದ. ನೂರಕ್ಕೊಂದರಂತೆ ಐದನ್ನೂ ಕೇಳಿದ. ಅರಗಿನ ರೆಕಾರ್ಡೆಂದ ಮೇಲೆ ಹಾಡಿನಡಿಯಲ್ಲಿ ಸುಯ್ಯೆಂಬ ಸದ್ದು ಇದ್ದೇ ಇರುತ್ತದೆ. ಇದರಲ್ಲಿ ಅವಳ ದನಿ ಬಿಟ್ಟರೆ ಏನೂ ಇರಲಿಲ್ಲ. ತನ್ನ ಆಯಸ್ಸಿನಲ್ಲೇ ಇಷ್ಟು ಶುದ್ಧವಾದ ರೆಕಾರ್ಡು ಬಂದಿಲ್ಲವೆಂದು ಖುಷಿಯಿಂದ ಸಹಿ ಹಾಕಿದ. ಅದು ಹೇಗೆ ಸಾಧ್ಯವೆಂದು ಕೇಳಿಕೊಳ್ಳುವಷ್ಟು ವ್ಯವಧಾನ ಆ ದಿನ ಅವನಿಗಿರಲಿಲ್ಲ.

ಮೂರು ವಾರಕ್ಕೆ ಪೆಟ್ಟಿಗೆ ಪೆಟ್ಟಿಗೆಯೇ ವಾಪಸು ಬಂತು. ಗುಜರಿ ಕೋಣೆಯಲ್ಲಿ ಯಾರೋ, ಮತ್ತೆ ಕರಗಿಸಲು ಬಂದ ಹಳೆಯ ರೆಕಾರ್ಡುಗಳನ್ನು ನಡುವಿನ ಚೀಟಿ ಕೀಳದೆಯೇ ಪುಡಿ ಮಾಡಿ ಅರಗಿಗೆ ಸುರಿದಿದ್ದರು. ಕಾಗದದ ಚೂರು ಗೆರೆಗೆರೆಯಲ್ಲೂ ಸೇರಿತ್ತು. ಹಾಡುತ್ತಿರುವುದು ಹೆಂಗಸೋ ಬಾಣಲೆಯಲ್ಲಿ ಹುರಿಯುತ್ತಿರುವ ಮರಳೋ ಎಂದು ಒಬ್ಬ ಅಂಗಡಿಯವನು ಬರೆದಿದ್ದ.

ಮಾಲೀಕ ಕರೆಸಿ ಕೇಳಿದ. "ಕೇಳಿಸ್ಲಿಲ್ವೋ, ಇಲ್ಲಾ ಕೇಳಿಸಿದ್ರೂ ತಂಗಿ ಅಂತ ಬಿಟ್ಯೋ?"

ಎರಡನೆಯದಕ್ಕೆ ಹೂಂ ಎಂದಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು.

"ಕೇಳಿಸ್ಲಿಲ್ಲ ಸಾರ್. ಅವಳದೇನೂ ತಪ್ಪಿಲ್ಲ. ಇನ್ನೊಂದ್ಸಲ ಒತ್ತಿಸಿ."

ಅಚ್ಚು ಹಿಂದಿನ ದಿನವೇ ಕರಗಿ ಹೋಗಿತ್ತು.

ಅವನನ್ನು ಗುಜರಿ ಕೋಣೆಗೆ ಹಾಕಿದರು. ಅಲ್ಲಿ ಕಿವಿಯ ಅಗತ್ಯವಿಲ್ಲ. ತಂಗಿ ಸಂಜೆ ಶಾಲೆ ಮುಗಿಸಿ ಬಂದು ಎದುರಿಗೆ ಕೂತಳು. ಅವಳ ಹೆಸರಿದ್ದ ಚೀಟಿಗಳನ್ನು ಅವನು ಉಳಿಯಿಂದ ಎಬ್ಬಿಸಿ, ಉಳಿದ ಅಂಟನ್ನೂ ಕೆರೆಯುತ್ತಿದ್ದ.

"ಒಂದಾದ್ರೂ ಮನೆಗೆ ತಾ ಅಣ್ಣಾ," ಎಂದು ಅವಳು ಜೋರಾಗಿ, ತುಟಿ ಬಿಡಿಸಿ ಹೇಳಿದಳು. "ನಿಂಗೊಬ್ಬಂಗಾದ್ರೂ ಚೆನ್ನಾಗಿ ಕೇಳ್ಸುತ್ತಲ್ಲ."

ಅವನು ಕೈಯಲ್ಲಿದ್ದುದನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದ.

"ಕೆಟ್ಟ ಮಾಲು ಕಣೇ ಇದು. ಹೊರಗೆ ಬಿಡೋ ಹಾಗಿಲ್ಲ."

ಪೂರ್ತಿ ಮುಗಿಸಲು ಎರಡು ದಿನ ಹಿಡಿಯಿತು.