ಕೆರೆಯ ಮೇಲೆ ಬೂದು ಬಣ್ಣ

ಎಂಬತ್ತರ ದಶಕದ ಆರಂಭದಲ್ಲಿ ನಾನು ನಗರ ಯೋಜನೆಯ ಕಚೇರಿಯೊಂದರಲ್ಲಿ ಟ್ರೇಸರ್ ಆಗಿದ್ದೆ. ಮೇಲಿನವರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಶಾಯಿಯಲ್ಲಿ ತಿದ್ದಿ ಬಣ್ಣ ತುಂಬುವುದು ನನ್ನ ಕೆಲಸ. ಮನೆಗಳಿಗೆ ಹಳದಿ, ಉದ್ಯಾನಕ್ಕೆ ಹಸಿರು, ನೀರಿಗೆ ನೀಲಿ, ರಸ್ತೆ ಮತ್ತು ಬಸ್ ನಿಲ್ದಾಣಕ್ಕೆ ಬೂದು.

ನಮ್ಮ ಮನೆ ವಿಜಯನಗರದ ಆಚೆ ತುದಿಯಲ್ಲಿತ್ತು. ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾರದ ದಿನ ಅಮ್ಮ ಪಕ್ಕದ ಮನೆಯಾಕೆಯ ಜೊತೆ ಕೊಡ ಹಿಡಿದು, ಶ್ರೀಗಂಧದ ಕಾವಲಿನ ದಿಕ್ಕಿನಲ್ಲಿದ್ದ ಕೆರೆಯ ಕೆಳಗಿನ ಬಾವಿಗೆ ಹೋಗುತ್ತಿದ್ದಳು. ಕೆರೆಯಲ್ಲಿ ನೀರಿದ್ದಷ್ಟು ದಿನ ಬಾವಿ ಬತ್ತುತ್ತಿರಲಿಲ್ಲ. ‘ಬೇಳೆ ಚೆನ್ನಾಗಿ ಬೇಯೋ ನೀರು’ ಎಂಬುದು ಅಮ್ಮನ ಸರ್ಟಿಫಿಕೇಟು.

ಆಮೇಲೆ ಮೇಲುಗಡೆ ಹೊಸ ಬಡಾವಣೆ ಎದ್ದಿತು. ಅದರ ಚರಂಡಿಯನ್ನು ತಂದು ಕೆರೆಗೆ ಬಿಟ್ಟರು. ವರ್ಷ ಕಳೆಯುವುದರೊಳಗೆ ನೀರು ಹಸಿರಾಗಿ, ಕಪ್ಪಾಗಿ, ಮೇಲೆ ನೊರೆ ಕಟ್ಟಿತು. ಆ ಚರಂಡಿಯ ಗೆರೆ ಎಳೆದದ್ದು ನಮ್ಮ ಕಚೇರಿಯೇ. ಈಗ ಅದೇ ಕಚೇರಿ, ‘ಕೆರೆ ನಾರುತ್ತಿದೆ, ಸೊಳ್ಳೆಗಳ ತಾಣವಾಗಿದೆ, ಸಾರ್ವಜನಿಕರಿಗೆ ಉಪಯೋಗವಿಲ್ಲ’ ಎಂದು ಟಿಪ್ಪಣಿ ಬರೆಯಿತು. ಮಗುವಿನ ಬಾಯಿಗೆ ಮಣ್ಣು ತುರುಕಿ, ಇದಕ್ಕೆ ಮಾತು ಬರುವುದಿಲ್ಲ ಎಂದು ಷರಾ ಬರೆದ ಹಾಗೆ.

ಸ್ಥಳ ಪರಿಶೀಲನೆಗೆ ನಮ್ಮ ಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ಜೀಪು ಏರಿಯ ಮೇಲೆ ನಿಂತಿತು. ಅವರು ಇಳಿಯಲಿಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡು, ‘ಇದನ್ನ ಕೆರೆ ಅಂತಾರೇನಮ್ಮಾ? ಬಸ್ ಸ್ಟ್ಯಾಂಡಿಗೆ ಒಳ್ಳೇ ಜಾಗ. ಬೂದು ಹಾಕ್ಬಿಡು’ ಎಂದರು. ಆಮೇಲೆ ಕರ್ಚೀಫು ಸರಿಸಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಕಿಟಕಿಯಿಂದಲೇ ಆ ನೀರಿಗೆ ಉಗಿದರು.

ಮನೆಗೆ ಬಂದವಳೇ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

ಕೆಲವು ವಾರಗಳಾದ ಮೇಲೆ ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟರು. ಹಿಂದಿನ ದಿನದ ಮದುವೆಯ ಜರಿ ಕಾಗದ ಇನ್ನೂ ವೇದಿಕೆಯ ಮೇಲೆ ನೇತಾಡುತ್ತಿತ್ತು. ನಕ್ಷೆಯ ಪಕ್ಕದಲ್ಲಿ ನಾನು ಕೋಲು ಹಿಡಿದು ನಿಂತಿದ್ದೆ. ‘ನೀರು, ಸಾರಿಗೆ, ಹಸಿರು, ಜನರ ಕ್ಷೇಮ, ಎಲ್ಲ ಇದರಲ್ಲಿದೆ’ ಎಂದು ಸಾಹೇಬರು ಮೈಕಿನಲ್ಲಿ ಶುರುಮಾಡಿದರು. ಕೆರೆಯ ಮಾತು ಬಂದಾಗ ‘ಕೆರೆ ಪ್ರದೇಶದ ಅಭಿವೃದ್ಧಿ’ ಎಂದಷ್ಟೇ ಹೇಳಿ ಮುಂದಕ್ಕೆ ಹಾರಿದರು.

ಹೆಂಗಸರ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ನೋಡಿದರೆ ಅಮ್ಮ! ಬರುತ್ತೇನೆಂದು ನನಗೆ ಹೇಳಿರಲಿಲ್ಲ.

‘ಸಾರ್, ಒಂದ್ ಮಾತು ಕೇಳ್ಬೇಕಿತ್ತು. ಆ ನಕ್ಷೆಯಲ್ಲಿ ನಮ್ ಕೆರೆ ಎಲ್ಲಿದೆ?’

ಸಾಹೇಬರು ನಕ್ಕು ನನ್ನ ಕಡೆ ತಿರುಗಿದರು. ‘ತೋರಿಸಮ್ಮ ಅವರಿಗೆ.’ ಎಲ್ಲೋ ಒಂದು ಕಡೆ ಕೋಲು ಆಡಿಸಿ ಮುಗಿಸುತ್ತಾಳೆಂದು ಅವರು ಎಣಿಸಿರಬೇಕು.

ನಾನು ಬೂದು ಬಣ್ಣದ ಮೇಲೆ ಕೋಲು ಇಟ್ಟೆ. ‘ಕೆರೆ ಇಲ್ಲಿತ್ತಮ್ಮಾ. ಈಗ ಇದು ಬಸ್ ಸ್ಟ್ಯಾಂಡು.’

‘ಹಂಗಾದ್ರೆ ನೀರಿಗೆ ಏನ್ ಮಾಡ್ತೀರಾ ಸಾರ್? ಕೊಚ್ಚೆ ಬಿಟ್ಟಿದ್ದು ನೀವು. ಅದನ್ನ ನಿಲ್ಲಿಸೋದು ಬಿಟ್ಟು ಕೆರೇನೇ ಮುಚ್ತೀರಾ?’

ಸಭೆ ಗುಜುಗುಜು ಎಂದಿತು. ಹಿಂದಿನಿಂದ ಯಾರೋ ‘ಕರೆಕ್ಟಾಗಿ ಕೇಳಿದ್ರಿ ಅಕ್ಕಾ’ ಎಂದು ಕೂಗಿದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ನಮ್ಮ ಏರಿಯಾದ ಪುಢಾರಿಯೊಬ್ಬ ಮೈಕು ಕಿತ್ತುಕೊಂಡ.

‘ಅಕ್ಕಂದಿರೇ, ಕೊಳಚೆ ಬೇಕೋ, ಮನೆ ಬಾಗಿಲಿಗೆ ಬಸ್ ಬೇಕೋ? ಬಸ್ ಸ್ಟ್ಯಾಂಡ್ ಬಂತು ಅಂದ್ರೆ ನಿಮ್ ಸೈಟಿನ ರೇಟು ಎಲ್ಲಿಗೆ ಹೋಗತ್ತೆ, ಯೋಚ್ನೆ ಮಾಡಿ!’

ಚಪ್ಪಾಳೆ ಬಿತ್ತು. ಈಗಷ್ಟೇ ಕೂಗಿದವರ ಚಪ್ಪಾಳೆಯೂ ಅದರಲ್ಲಿತ್ತು. ಪಕ್ಕದ ಮನೆಯಾಕೆ ಅಮ್ಮನ ಸೆರಗು ಜಗ್ಗಿ, ‘ಕೂತ್ಕೊಳ್ರೀ, ಬಸ್ ಬರ್ಲಿ ಬಿಡ್ರೀ’ ಎಂದದ್ದು ನನಗೂ ಕೇಳಿಸಿತು. ಅಮ್ಮ ಕೂರಲಿಲ್ಲ, ಹೊರಗೆ ನಡೆದಳು. ಉಳಿದವರೆಲ್ಲ ಊಟದ ಹಾಲಿನತ್ತ ನುಗ್ಗಿದರು. ಉಪ್ಪಿಟ್ಟು, ಕೇಸರಿಬಾತು ಇತ್ತು.

ಕೆಲಸ ಹೋಗುತ್ತದೆಂದು ನಾನು ಸಿದ್ಧಳಾಗಿದ್ದೆ. ಸಾಹೇಬರು ತುಪ್ಪದ ಬೆರಳು ನೆಕ್ಕುತ್ತಾ ಬಂದು, ‘ನಿಮ್ ತಾಯಿಯಂತೆ? ಮೊದ್ಲೇ ಹೇಳ್ಬಾರ್ದಾ, ಮುಂದಿನ ಸಾಲಲ್ಲಿ ಕೂರಿಸ್ತಿದ್ವಿ’ ಎಂದರು. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ನಮ್ಮ ಮಾತಿಗೆ ಸಿಟ್ಟಾಗುವಷ್ಟು ಬೆಲೆಯೂ ಅವರಲ್ಲಿರಲಿಲ್ಲ.

ಬೇಸಿಗೆಯಲ್ಲಿ ಏರಿ ಒಡೆದರು. ನೀರು ಇಳಿದಂತೆ ಮೀನುಗಳು ಕಪ್ಪು ಕೆಸರಿನಲ್ಲಿ ವಿಲವಿಲ ಒದ್ದಾಡತೊಡಗಿದವು. ಜನ ಮಂಕರಿ, ಬಕೆಟ್ಟು, ಹಳೇ ಸೀರೆ ಹಿಡಿದು ತೊಡೆಯವರೆಗೂ ಆ ಹೇಸಿಗೆಯಲ್ಲಿ ಇಳಿದರು. ಮೀನಿಗಾಗಿ ಜುಟ್ಟು ಹಿಡಿದು ಜಗಳವಾಡಿದರು. ಆ ಪುಢಾರಿ ಏರಿಯ ಮೇಲೆ ನಿಂತು ದೊಡ್ಡವನ್ನು ಆರಿಸಿ ಬೇರೆ ಬಕೆಟ್ಟಿಗೆ ಹಾಕಿಸುತ್ತಿದ್ದ. ಅದು ಸಾಹೇಬರ ಮನೆಗೆ ಎಂದು ಅವನೇ ಹೇಳಿದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನೋಡಿದಳು. ‘ನಡಿಯೇ, ಮನೆಗೆ ಹೋಗಿ ಸ್ನಾನ ಮಾಡೋಣ’ ಎಂದಳು.

ಕೆಡವಿದ ಮನೆಗಳ ಮಣ್ಣು, ಇಟ್ಟಿಗೆ ಚೂರು ತಂದು ಸುರಿದರು. ಬಾವಿ ಮೊದಲು ನಾರಿತು, ಆಮೇಲೆ ಬತ್ತಿತು. ಬಸ್ ನಿಲ್ದಾಣದ ಉದ್ಘಾಟನೆಗೆ ಬೀದಿಗೆ ಬೀದಿಯೇ ಹೋಯಿತು. ನಾವಿಬ್ಬರೂ ಹೋಗಲಿಲ್ಲ.

ಮುಂದಿನ ದೊಡ್ಡ ಮಳೆಗೆ ಕೊಚ್ಚೆ ನೀರು ತನ್ನ ಹಳೇ ಜಾಗ ಹುಡುಕಿಕೊಂಡು ಬಂತು. ನಿಲ್ದಾಣ ತುಂಬಿ, ನಮ್ಮ ಬೀದಿಯನ್ನೂ ಹೊಕ್ಕಿತು. ಪಕ್ಕದ ಮನೆಯ ಅಕ್ಕಿ ಡಬ್ಬದ ಸುತ್ತ ಏನೇನು ತೇಲುತ್ತಿತ್ತೆಂದು ಬರೆಯಲು ಈಗಲೂ ಅಸಹ್ಯವಾಗುತ್ತದೆ. ನೀರು ಇಳಿದ ಮೇಲೆ ಆಕೆ ನಮ್ಮ ಬಾಗಿಲಿಗೆ ಬಂದು, ‘ಎಂಥಾ ಪ್ಲಾನ್ ಮಾಡ್ತಾರ್ರೀ ಈ ದರಿದ್ರದವ್ರು!’ ಎಂದು ಅತ್ತಳು.

ಅಮ್ಮನ ನಾಲಗೆಯ ತುದಿಯವರೆಗೂ ಮಾತು ಬಂದದ್ದು ನನಗೆ ಕಾಣಿಸಿತು. ಅದನ್ನು ನುಂಗಿಕೊಂಡು, ಒಳಗಿನಿಂದ ಫಿನಾಯಿಲ್ ಬಾಟಲಿ, ಪೊರಕೆ ತಂದಳು. ‘ಬನ್ನಿ, ಮೊದ್ಲು ಅಡುಗೆ ಮನೆ ತೊಳೆಯೋಣ’ ಎಂದು ಆಕೆಯ ಜೊತೆ ಹೋದಳು.

ಅಷ್ಟು ಉದಾರ ಮನಸ್ಸು ನನಗೆ ಬರಲಿಲ್ಲ. ಅದೇ ವಾರ ಕಚೇರಿಯಲ್ಲಿ, ನಿಲ್ದಾಣದ ನೀರನ್ನು ಇನ್ನೂ ಕೆಳಗಿನ ಮತ್ತೊಂದು ಕೆರೆಗೆ ಹರಿಸುವ ನಕ್ಷೆ ನನ್ನ ಮೇಜಿಗೆ ಬಂತು. ನಾನು ಪೆನ್ನು ತೊಳೆದಿಟ್ಟು, ರಾಜೀನಾಮೆ ಕೊಟ್ಟು ಬಂದೆ. ರಾಜಾಜಿನಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆದೆ. ಸಂಬಳ ಕಮ್ಮಿ, ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಊಟ ಗಂಟಲಲ್ಲಿ ಇಳಿಯುತ್ತಿತ್ತು.