ಮೂರನೇ ಚರಣದ ಕೆಮ್ಮು

ದೆವ್ವ, ಪವಾಡ, ಶಕುನ ಎಲ್ಲವೂ ಸುಳ್ಳು ಎಂಬ ಪಕ್ಷ ಹಿಡಿದು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಎಷ್ಟೋ ಸಲ ಗೆದ್ದವನು ನಾನು. ಒಮ್ಮೆ ಚೀಟಿ ಎತ್ತಿದಾಗ ಎದುರು ಪಕ್ಷ ಬಂತು, ಅದರಲ್ಲೂ ಗೆದ್ದೆ. ಹಾಗಾಗಿ ಗೆಲ್ಲುವುದಕ್ಕೂ ನಿಜಕ್ಕೂ ಎಷ್ಟು ದೂರ ಅನ್ನುವುದು ನನಗೆ ಗೊತ್ತು. ಮೂರು ವರ್ಷದ ಹಿಂದೆ ನಡೆದ ಈ ಸಂಗತಿಯನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಅಪ್ಪನ ಅಕ್ಕ, ಅಂದರೆ ಅತ್ತೆ, ಬೀದರಿನ ನೌಬಾದದಲ್ಲಿದ್ದಾರೆ. ನರ್ಸ್ ಆಗಿ ನಿವೃತ್ತರಾದವರು. ಅವರ ಗಂಡ, ನಾವು ಮಾಮಾ ಅನ್ನುತ್ತಿದ್ದವರು, ಔರಾದಿನಲ್ಲಿ ಮಾಸ್ತರರಾಗಿದ್ದರು. ಅಲ್ಲಿನ ಚರ್ಚಿನಲ್ಲಿ ಹಾಡು ಎತ್ತಿಕೊಡುವವರೂ ಅವರೇ. ಅವರ ಕೊನೆಯ ಸುಗ್ಗಿ ಹಬ್ಬದ ಆರಾಧನೆಯನ್ನು ಮರುದಿನ ಕೇಬಲ್‌ನವರು ತೋರಿಸಿದಾಗ ಅತ್ತೆ ಟಿವಿಯ ರೆಕಾರ್ಡರ್ ಡಬ್ಬಿಯಲ್ಲಿ ಹಿಡಿದಿಟ್ಟಿದ್ದರು. ಮಾಮಾ ಹೋದ ಮೇಲೆ ಅವರ ಧ್ವನಿ ಉಳಿದದ್ದು ಅಲ್ಲೊಂದೇ. ಆ ಡಬ್ಬಿಯ ರೆಕಾರ್ಡು ಆ ಡಬ್ಬಿಯಲ್ಲಿ ಮಾತ್ರ ನಡೆಯುತ್ತದೆ, ಬೇರೆ ಕಡೆ ಇಳಿಸಿಕೊಳ್ಳಲು ಬರುವುದಿಲ್ಲ.

ಒಂದು ದಿನ ಭಾಲ್ಕಿಯಲ್ಲಿದ್ದ ನನಗೆ ಅತ್ತೆಯ ಫೋನು ಬಂತು. "ಡಬ್ಬಿ ದಿನಾ ಹ್ಯಾಂಗ್ ಆಗ್ತದೋ. ಮಾಮಾ ಬಾಯಿ ತೆರದು ಹಂಗೇ ನಿಂತುಬಿಡ್ತಾರ. ನೋಡ್ಲಾಕ ಆಗವಲ್ದು."

ಹೊಸ ಫರ್ಮ್‌ವೇರ್ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡು ಪೆನ್‌ಡ್ರೈವಿನಲ್ಲಿ ಇಳಿಸಿಕೊಂಡು ಶನಿವಾರ ಮಧ್ಯಾಹ್ನ ನೌಬಾದಕ್ಕೆ ಹೋದೆ.

"ಅಳಿಸಿ ಹೋಗ್ತದೇನು, ವಕೀಲ್ ಸಾಬ್?" ಅಂದರು ಅತ್ತೆ. ನನ್ನ ಬಾಯಿಗೆ ಅವರಿಟ್ಟ ಹೆಸರು ಅದು.

"ಇಲ್ಲ ಅತ್ತಿ. ಇದು ಡಬ್ಬಿ ನಡಸೋ ಬುದ್ಧಿ ಅಷ್ಟೇ. ರೆಕಾರ್ಡು ಬ್ಯಾರೆ ಕಡಿ ಇರ್ತಾವ, ಅದಕ್ಕ ಕೈ ಹಚ್ಚಂಗಿಲ್ಲ."

"ಆಪರೇಷನ್ ಮಾಡೋಕಿಂತ ಮೊದಲ ಡಾಕ್ಟರೂ ಹಿಂಗೇ ಅಂತಾರ. ಮೊದಲು ನೋಡು. ನೋಡಿದಿ ಅಂತ ಸಹಿ ಮಾಡು."

ಡಬ್ಬಿಯ ಪಕ್ಕದ ಗೋಡೆಗೆ ಅವರು ರೋಗಿಯ ಚಾರ್ಟಿನಂಥ ಒಂದು ಹಾಳೆ ಅಂಟಿಸಿದ್ದರು. ಯಾವ ನಿಮಿಷಕ್ಕೆ ಏನು ಅಂತ ಅದರಲ್ಲಿ ಬರೆದಿತ್ತು. ಹನ್ನೆರಡನೇ ನಿಮಿಷದ ಮುಂದೆ: "ಮೂರನೇ ಚರಣ, ಕೆಮ್ಮು." ನೋಡಿದೆ. ಮಾಮಾ ಹಾಡುತ್ತ ಹಾಡುತ್ತ ಕೆಮ್ಮಿದರು, ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ಹಿಡಿದರು, ಜೊತೆಗಿದ್ದ ಹಾರ್ಮೋನಿಯಂ ಪೇಟಿ ನಿಂತಿತು. ಅವರು ಎಡಕ್ಕೆ ತಿರುಗಿ ನೋಡಿ ಸ್ವಲ್ಪ ನಕ್ಕು, ಮುಂದಿನ ಸಾಲು ಎತ್ತಿಕೊಂಡರು. ನಾನು ನಗುತ್ತಲೇ ಹಾಳೆಯಲ್ಲಿ ಆ ನಿಮಿಷದ ಪಕ್ಕ ಸಹಿ ಹಾಕಿದೆ.

ಅಪ್‌ಡೇಟ್ ಮುಗಿಯುವವರೆಗೆ ಅತ್ತೆ ನಾಡಿ ಹಿಡಿದವರಂತೆ ಡಬ್ಬಿಯ ಮೇಲೆ ಕೈಯಿಟ್ಟು ನಿಂತಿದ್ದರು. ಕರೆಂಟೂ ಹೋಗಲಿಲ್ಲ. ಪಟ್ಟಿಯಲ್ಲಿ ಎಲ್ಲ ರೆಕಾರ್ಡೂ ಇದ್ದವು. ಆರಾಧನೆ ಹಚ್ಚಿದೆವು, ಎಲ್ಲೂ ನಿಲ್ಲದೆ ನಡೆಯಿತು. ಮೂರನೇ ಚರಣ ಬಂತು. ಮಾಮಾ ಕೆಮ್ಮಲಿಲ್ಲ. ಕರವಸ್ತ್ರ ಜೇಬಿನಲ್ಲೇ ಇತ್ತು. ಕೆಮ್ಮಿನಲ್ಲಿ ನುಂಗಿಹೋಗಿದ್ದ ಸಾಲನ್ನು ಅವರದೇ ಧ್ವನಿಯಲ್ಲಿ ಪೂರ್ತಿ ಹಾಡಿದರು. ಪೇಟಿ ನಿಲ್ಲಲಿಲ್ಲ. ಅವರು ಎಡಕ್ಕೆ ತಿರುಗಲೂ ಇಲ್ಲ.

"ಏನ್ ಮಾಡಿದಿ?" ಅಂದರು ಅತ್ತೆ.

ನಾನು ಎಲ್ಲವನ್ನೂ ಅನುಮಾನಿಸಿದೆ. ಅತ್ತೆಯ ಹತ್ತಿರ ಇನ್ನೊಂದು ರೆಕಾರ್ಡು ಇತ್ತೇ? ಪಟ್ಟಿಯಲ್ಲಿ ಒಂದೇ ಇತ್ತು. ಹೊಸ ಫರ್ಮ್‌ವೇರು ಸದ್ದು ಸೋಸುತ್ತದೆಯೇ? ಸೋಸಲಿ, ಕರವಸ್ತ್ರವನ್ನು ಜೇಬಿಗೆ ಹಾಕುತ್ತದೆಯೇ? ನನ್ನ ಕಣ್ಣೇ ತಪ್ಪಿತೇ? ಹಾಗಾದರೆ ಸಹಿ? ಹಳೆಯ ಫರ್ಮ್‌ವೇರನ್ನೇ ಮತ್ತೆ ಹಾಕಿ ನೋಡಿದೆ. ಕೆಮ್ಮು ತಿರುಗಿ ಬರಲಿಲ್ಲ.

ಮುಂದಿನ ಭಾನುವಾರ ಔರಾದಿಗೇ ಹೋಗಿ ಅವತ್ತು ಪೇಟಿ ಬಾರಿಸಿದವರನ್ನು ಹಿಡಿದೆ. "ಕೆಮ್ಮಿದ್ರಲ್ಲ! ನಾ ಪೇಟಿ ಬಿಟ್ಟು ಕುಂತಿದ್ದೆ. ಹಾಡಿದ್ದು ಒಂದೇ ಸಲ, ಶೂಟಿಂಗೂ ಒಂದೇ ಸಲ. ಯಾಕಪಾ, ಸಿಐಡಿ ಆಗಿಯೇನು?" ಅಂದರು. ಕೇಬಲ್‌ನವರು ತಮ್ಮ ಪ್ರತಿ ಎಂದೋ ಅಳಿಸಿದ್ದರು.

ಸೋತು ನೌಬಾದಕ್ಕೆ ಬಂದು ಒಂದು ದಡ್ಡ ಮಾತಾಡಿದೆ. "ಹೋಗ್ಲಿ ಬಿಡ್ರಿ ಅತ್ತಿ, ಈಗ ಪೂರ್ತಿ ಹಾಡ್ಯಾರಲ್ಲ, ಚಲೋನೇ ಆತು."

ಅತ್ತೆ ನನ್ನನ್ನು ನೋಡಿದರು. "ಪೂರ್ತಿ ಹಾಡು ಬೇಕಾದ್ರ ಪುಸ್ತಕದಾಗ ಅದ. ಅವತ್ತು ಎಡಗಡಿ ಮುಂದಿನ ಬೆಂಚಿನ್ಯಾಗ ನಾ ಕುಂತಿದ್ದೆ. ಕೆಮ್ಮಿದಾಗ ಒಂದು ಸಲ ನನ್ನ ಕಡಿ ನೋಡಿದ್ರು. ಅಷ್ಟೇ ಇತ್ತು ನಂದು. ಅದನ್ನ ಕೊಡು."

ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಅವರನ್ನು ಖುಷಿಪಡಿಸಲು ನಾನೇ ಏನೋ ಕೈಚಳಕ ಮಾಡಿದೆ ಎಂಬ ಅನುಮಾನ ಅವರಿಗೆ ಇವತ್ತಿಗೂ ಹೋಗಿಲ್ಲ. ಪವಾಡ ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ವಾದ ಮಾಡಲಾದರೂ ನನಗೆ ಜಾಗ ಸಿಗುತ್ತಿತ್ತು.

ಹೋದ ವಾರವೂ ಹೋಗಿದ್ದೆ. ಮೂರನೇ ಚರಣ ಬಂದಾಗ ಅತ್ತೆ ಟಿವಿ ನೋಡುವುದು ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಹಾಳೆಗೆ ಬೆರಳು ತೋರಿಸಿ, "ಈ ಸಹಿ ನಿಂದೇ ಅಲ್ಲೇನು?" ಅಂದರು.

ನನ್ನದೇ.